ಹೊಸಿಲಿದ್ದ ಹಡಗು

ಹುಣಸೂರಿನಲ್ಲಿರುವ ನಮ್ಮ ಹೊಸ ಮನೆಯ ಮುಂಬಾಗಿಲಿಗೆ ಹೊಸಿಲಿಲ್ಲ. ಒಳಗಿನ ಹಜಾರವೂ ಹೊರಗಿನ ಜಗಲಿಯೂ ಒಂದೇ ಮಟ್ಟದ ಕಲ್ಲುಹಾಸು. ಇಲ್ಲಿಗೆ ಹೊರಗು ಮುಗಿಯಿತು, ಇಲ್ಲಿಂದ ಒಳಗು ಶುರುವಾಯಿತು ಎಂದು ತಿಳಿಸುವ ಒಂದು ಗೆರೆ ಕೂಡ ಅಲ್ಲಿಲ್ಲ. ಆದರೂ ಆ ಜಾಗಕ್ಕೆ ಬಂದಾಗಲೆಲ್ಲ ನಾನು ಸೀರೆಯ ನೆರಿಗೆಯನ್ನು ಚೂರು ಎತ್ತಿ ಹಿಡಿದು, ಬಲಗಾಲನ್ನು ಗೇಣೆತ್ತರಕ್ಕೆ ಎತ್ತಿ, ಇಲ್ಲದ ಯಾವುದನ್ನೋ ದಾಟಿ ಒಳಗೆ ಕಾಲಿಡುತ್ತೇನೆ. ಗ್ಯಾಸ್ ಸಿಲಿಂಡರ್ ತರುವ ಹುಡುಗ ಒಂದು ದಿನ ಇದನ್ನು ನೋಡಿ, "ಯಾಕಮ್ಮ, ಮಂಡಿ ನೋವಾ? ಅಲ್ಲೇನೂ ಇಲ್ವಲ್ಲ, ನೆಲ ನೀಟಾಗೈತೆ, ಸುಮ್ಕೆ ಬನ್ನಿ" ಎಂದ. ಪಾಪ, ಕಾಳಜಿಯ ಮಾತೇ. ನಾನು ನಕ್ಕು, ಹೌದಪ್ಪ ಮಂಡಿನೋವು ಎಂದುಬಿಟ್ಟೆ.

ಸಿಲಿಂಡರ್ ಹೊತ್ತು ನಿಂತವನಿಗೆ ಉದ್ದ ಕಥೆ ಹೇಳುವುದು ಹೇಗೆ? ನೀವಾದರೆ ಕೂತಿದ್ದೀರಿ, ನಿಮ್ಮ ಕೈಯಲ್ಲಿ ಭಾರವಿಲ್ಲ, ಆದ್ದರಿಂದ ಹೇಳುತ್ತೇನೆ. ನಾನು ದಿನವೂ ದಾಟುವುದು ಒಂದು ಹಡಗಿನ ಹೊಸಿಲನ್ನು. ಹಡಗಿಗೆಲ್ಲಿಯ ಹೊಸಿಲು ಎಂದು ಹುಬ್ಬೇರಿಸುತ್ತೀರಿ, ಗೊತ್ತು. ಮದುವೆಯ ದಿನ ನಾನೂ ಹುಬ್ಬೇರಿಸಿದ್ದೆ.

ನನ್ನ ತವರು ಕೃಷ್ಣರಾಜನಗರದ ಕಡೆಯ ನಾಲೆ ಬಯಲು. ನಮಗೆ ನೀರೆಂದರೆ ತೂಬಿನಿಂದ ಬರುವ ನೀರು. ಗುದ್ದಲಿ ತೋರಿಸಿದ ಕಡೆ ತಿರುಗುವ, ಮೊಣಕಾಲು ಮೀರದ, ಹೇಳಿದ ಮಾತು ಕೇಳುವ ಸಾಧುಪ್ರಾಣಿ. ಭತ್ತದ ಗದ್ದೆಯ ನಡುವೆ ಬೆಳೆದ ಹುಡುಗಿಯನ್ನು ಹೆಗ್ಗಡದೇವನಕೋಟೆಯ ಕಾಡಂಚಿಗೆ, ಅದೂ ಮುಳುಗಡೆಯವರ ಕಾಲೋನಿಗೆ ಕೊಡುತ್ತಾರೆಂದಾಗ ನಮ್ಮ ಬೀದಿಯ ಹೆಂಗಸರು ನನ್ನನ್ನು ನೋಡಿದ ನೋಟದಲ್ಲಿ ಅರ್ಧ ಮರುಕ, ಅರ್ಧ ಕುತೂಹಲವಿತ್ತು. ಮುದ್ದೆ ತಿನ್ನೋದು ಕಲಿತುಕೋ, ಆನೆ ಬಂದರೆ ಓಡೋದು ಕಲಿತುಕೋ ಎಂದು ಛೇಡಿಸಿದರು. ಹಡಗು ಹತ್ತುವುದು ಕಲಿತುಕೋ ಎಂದು ಮಾತ್ರ ಒಬ್ಬರೂ ಹೇಳಲಿಲ್ಲ.

ಮದುವೆ ಮುಗಿಸಿ ಗಂಡನ ಮನೆಗೆ ಹೊರಟ ಬಸ್ಸು ಕಾಲೋನಿಯ ಮನೆಗಳನ್ನೆಲ್ಲ ದಾಟಿ ಸೀದಾ ಹಿನ್ನೀರಿನ ದಡಕ್ಕೆ ಹೋಗಿ ನಿಂತಿತು. ಮುಂದೆ ಕಣ್ಣು ಹಾಯುವವರೆಗೂ ನೀರು, ನೀರಿನ ನಡುವೆ ಒಣಗಿ ನಿಂತ ಮರಗಳು. ದಡಕ್ಕೆ ಹಗ್ಗದಿಂದ ಕಟ್ಟಿದ್ದ ಒಂದು ಅಗಲವಾದ ಮರದ ದೋಣಿ. ಅದರ ಮಗ್ಗುಲಲ್ಲಿ ಒಂದು ಬಾಗಿಲಗಲದ ತೆರವು. ಆ ತೆರವಿಗೆ ಅಡ್ಡಲಾಗಿ, ಅರಿಸಿನ ಬಳಿದು ಕುಂಕುಮವಿಟ್ಟು ರಂಗೋಲಿ ಎಳೆದ ಸಾಕ್ಷಾತ್ ಹೊಸಿಲು. ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು. ಒಳಗೆ ಆರತಿ ತಟ್ಟೆ ಹಿಡಿದು ನಿಂತಿದ್ದ ನನ್ನ ಅತ್ತೆ ದೇವೀರಮ್ಮ, ಅವರ ಹಿಂದೆ ಒತ್ತಾಗಿ ಕೂತಿದ್ದ ಊರ ಹೆಂಗಸರು. ಅಯ್ಯೋ ಶಿವನೇ, ಹುಚ್ಚರ ಮನೆಗೆ ಬಂದೆನೇ ಎನ್ನಿಸಿತು. ಸೇರು ಒದೆಯಬೇಕಾದ ನನ್ನ ಕಾಲು ನೆಲಕ್ಕೆ ಅಂಟಿಕೊಂಡಿತು, ಏಕೆಂದರೆ ಎದುರಿಗಿದ್ದ ಮನೆ ಅಲುಗಾಡುತ್ತಿತ್ತು.

ಅತ್ತೆ ಆರತಿ ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟು, ನನ್ನತ್ತ ಕೈ ಚಾಚಿ, "ಬಲಗಾಲಿಟ್ಟು ಬಾರವ್ವ, ಅದೇನು ಕಚ್ಚಾಕಿಲ್ಲ" ಎಂದರು. ನಾನು ಸೇರು ಒದ್ದೆನೋ, ಅದೇ ಉರುಳಿತೋ ನೆನಪಿಲ್ಲ. ಅಕ್ಕಿ ದೋಣಿಯ ತುಂಬ ಚೆಲ್ಲಿತು, ನಾನು ಒಳಗಿದ್ದೆ. ಅತ್ತೆ ಹಿಂದಕ್ಕೆ ತಿರುಗಿ ಹೆಂಗಸರಿಗೆ, "ವಸಿ ಸರ್ಕಳಿ, ನಮ್ಮೆಣ್ಣು ಕೂತ್ಕಬೇಕು" ಎಂದರು. ಸೊಸೆ ಎನ್ನಲಿಲ್ಲ, ಕೃಷ್ಣರಾಜನಗರದವಳು ಎನ್ನಲಿಲ್ಲ. ಎಲ್ಲರೂ ಸರಿದರು, ನಾನು ಕೂತೆ. ಆ ಒಂದು ಮಾತಿಗೆ ನಾನು ಇವತ್ತಿಗೂ ಋಣಿ.

ಅದಕ್ಕೆ ಅವರು ಹಡಗು ಎಂದೇ ಹೆಸರಿಟ್ಟಿದ್ದರು, ದೋಣಿ ಎಂದರೆ ಮುಖ ಗಂಟು ಹಾಕುತ್ತಿದ್ದರು. ಅದರ ಚರಿತ್ರೆಯನ್ನು ಅತ್ತೆ ಒಲೆಯ ಮುಂದೆ ಕೂತು ನನಗೆ ಕಂತು ಕಂತಾಗಿ ಹೇಳಿದರು. ಮುದ್ದೆ ತಿರುವುವಾಗ ಒಂದಿಷ್ಟು, ಹುರುಳಿ ಬೇಯುವಾಗ ಒಂದಿಷ್ಟು.

ಅವರ ಹಳೆಯ ಊರು ಕಪಿಲೆಯ ಆಚೆ ದಡದಲ್ಲಿತ್ತು. ಅಣೆಕಟ್ಟು ಏಳುತ್ತಿದೆ, ಊರು ಮುಳುಗುತ್ತದೆ, ಈಚೆ ದಡದ ಮೇಲುನೆಲದಲ್ಲಿ ಮನೆ ಕಟ್ಟಿಸಿದ್ದೇವೆ, ಲಾರಿ ಕಳಿಸುತ್ತೇವೆ, ಹೊರಡಿ ಎಂದು ಅಧಿಕಾರಿಗಳು ಹೇಳಿಹೋದರು. ಹೊಸ ಜಾಗ ಹಳೆಯ ಊರಿನ ಜಗಲಿಯಿಂದ ಕಣ್ಣಿಗೆ ಕಾಣುತ್ತಿತ್ತು. ಲಾರಿ ಮಾತ್ರ ಅರ್ಧ ತಾಲ್ಲೂಕು ಬಳಸಿ ಬರಬೇಕು. ಅತ್ತೆಯ ಮಾವನವರು, ಅಂದರೆ ಊರಿನ ಯಜಮಾನರು, ಆಗ ಒಂದು ಮಾತಾಡಿದರಂತೆ. "ಕಣ್ಣಿಗೆ ಕಾಣೋ ಜಾಗಕ್ಕೆ ದನ ತುಂಬ್ದಂಗೆ ತುಂಬುಸ್ಕಂಡು ಯಾಕ್ ಓಗಾದು? ಎಂಗಿದ್ರೂ ನೀರು ಬಂದೇ ಬತ್ತದಲ್ಲ. ನೀರ್ ಮ್ಯಾಲೇ ಓಗಮ, ಎಲ್ರೂ ಒಟ್ಟಿಗೆ ಕೂತ್ಕಂಡು." ಮುಳುಗಿಸಲು ಬರುವ ನೀರಿನ ಮೇಲೇ ಕೂತು ಹೋಗುವ ಆಲೋಚನೆ ಊರಿಗೆಲ್ಲ ಹಿಡಿಸಿತು. ಬಿಟ್ಟುಹೋಗುವುದು ಹೇಗೂ ಇದೆ, ಅದರಲ್ಲೊಂದು ಗತ್ತಾದರೂ ಇರಲಿ ಎಂದುಕೊಂಡರೇನೋ.

ಮನೆಗಳನ್ನು ಹೇಗೂ ಬಿಚ್ಚಬೇಕಿತ್ತು. ಒಬ್ಬರು ತೊಲೆ ಕೊಟ್ಟರು, ಒಬ್ಬರು ಜಂತೆ ಕೊಟ್ಟರು, ಕೊಡಲು ಏನೂ ಇಲ್ಲದವರು ಕೊಟ್ಟಿಗೆಯ ಗೊಂತಿನ ಹಲಗೆ ಕೊಟ್ಟರು. ಹಡಗು ಕಟ್ಟಲು ಹುಣಸೂರಿನಿಂದ ಕರೆತಂದದ್ದು ಎತ್ತಿನಗಾಡಿ ಮಾಡುವ ಆಚಾರಿಯನ್ನು. ಚಕ್ರ ಕೂಡಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲವಂತೆ, ಆದರೆ ಹರಿಗೋಲಿಗಿಂತ ದೊಡ್ಡದಾದದ್ದು ನೀರಿನ ಮೇಲೆ ತೇಲಿದ್ದನ್ನು ಅವರು ಕ್ಯಾಲೆಂಡರಿನ ಚಿತ್ರದಲ್ಲಿ ಮಾತ್ರ ಕಂಡಿದ್ದರು. ಅಳತೆ ಹೇಗೆ ಹಿಡಿಯುವುದು? ಊರವರನ್ನೆಲ್ಲ ಒಕ್ಕಣೆಯ ಕಣಕ್ಕೆ ಕರೆಸಿ, ಸಾಲಾಗಿ ಕೂರಿಸಿ, ಸುತ್ತ ಬೂದಿಯಿಂದ ಒಂದು ಗೆರೆ ಎಳೆದರು. ಅದೇ ಹಡಗಿನ ಅಂಚು. ಗೆರೆ ಎಳೆದಾದ ಮೇಲೆ ಹೊಲದಿಂದ ತಡವಾಗಿ ಬಂದವರು ಕೆಲವರು ಹೊರಗುಳಿದರು. ಗೆರೆ ಹಿಗ್ಗಿಸಲು ಮರ ಸಾಲದು. ಆಗ ಕೂತವರೇ ಒಬ್ಬರಿಗೊಬ್ಬರು, ವಸಿ ಸರ್ಕಳಿ, ಇನ್ನೂ ವಸಿ ಸರ್ಕಳಿ ಎನ್ನುತ್ತ ಒತ್ತೊತ್ತಾಗಿ ಕೂತು, ಬಂದವರನ್ನೆಲ್ಲ ಬೂದಿಯ ಗೆರೆಯೊಳಕ್ಕೆ ಎಳೆದುಕೊಂಡರು. ಆ ಊರಿನ ಬಾಯಲ್ಲಿ ಆ ಮಾತು ನಿಂತದ್ದು ಹಾಗೆ.

ಹಡಗಿನ ಒಂದು ಮಗ್ಗುಲಿಗೆ ಕೊನೆಯಲ್ಲಿ ಮರ ಕಡಿಮೆಯಾಯಿತು. ಯಜಮಾನರು ತಮ್ಮ ಮನೆಯ ಮುಂಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಕೊಟ್ಟರು. ಅತ್ತೆ ಮದುವೆಯಾಗಿ ಬಂದಾಗ ಸೇರು ಒದ್ದು ದಾಟಿದ ಬಾಗಿಲು ಅದು. ಆಚಾರಿ ಬಾಗಿಲ ಹಲಗೆಗಳನ್ನು ಬಿಡಿಸಿದರು, ನಿಲುವುಗಳನ್ನು ಕುಯ್ದರು, ಹೊಸಿಲಿಗೆ ಬಂದಾಗ ಗರಗಸ ಕೆಳಗಿಟ್ಟರು. ಯಾವ ಕಾಲದಿಂದಲೋ ಶುಕ್ರವಾರ ಶುಕ್ರವಾರ ಬಳಿದ ಅರಿಸಿನ ಅದರ ಮೇಲೆ ತೊಗಟೆಯಂತೆ ಕಟ್ಟಿತ್ತು. "ಒಸ್ಲಿನ ಮೇಲೆ ಗರಗಸ ಇಕ್ಕಾಕಿಲ್ಲ ಗೌಡ್ರೇ, ಬೇಕಾರೆ ಅಡಗ್ನೇ ತಿದ್ದುತೀನಿ" ಎಂದರಂತೆ. ಹಾಗೆಯೇ ಮಾಡಿದರು. ಹೊಸಿಲು ಹಿಡಿಸುವಷ್ಟು ಅಗಲಕ್ಕೆ ಹಡಗಿನ ಮಗ್ಗುಲಲ್ಲಿ ಬಾಗಿಲಿನ ತೆರವು ಬಿಟ್ಟು, ಇಡೀ ಹೊಸಿಲನ್ನು ಅಲ್ಲಿ ಕೂರಿಸಿದರು. ನೀರಿನ ಮೇಲೆ ಹೋಗುವ ವಸ್ತುವಿನ ಮಗ್ಗುಲಿಗೆ ಬಾಗಿಲಿಡುವುದು ಎಂಥ ತಪ್ಪು ಎಂದು ಯಾವ ಬೆಸ್ತರ ಮಗುವನ್ನು ಕೇಳಿದರೂ ಹೇಳೀತು. ಗಾಡಿ ಮಾಡುವವರಿಗೂ ರಾಗಿ ಬೆಳೆಯುವವರಿಗೂ ಅದು ತಪ್ಪೆಂದು ಹೊಳೆಯಲೇ ಇಲ್ಲ. ಮನೆಯವರೆಲ್ಲ ಕೂರುವ ಜಾಗ ಅಂದ ಮೇಲೆ ಹೊಸಿಲು ಬೇಡವೇ?

ಇನ್ನೊಂದು ತಪ್ಪು ನೀರಿನದೋ, ಲಾರಿಯದೋ, ಊರವರದೋ ನನಗೆ ಗೊತ್ತಿಲ್ಲ. ಹಡಗನ್ನು ಕಣದಲ್ಲೇ ಕಟ್ಟಿದರು. ನದಿಗೆ ಎಳೆದೊಯ್ಯುವ ಕಷ್ಟವೇಕೆ, ನೀರೇ ಬಂದು ಎತ್ತಿಕೊಳ್ಳುತ್ತದೆ ಎಂದು ಕಾದರು. ನೀರಿಗಿಂತ ಮೊದಲು ಲಾರಿಗಳು ಬಂದವು. ಇನ್ನು ಕಾಯಲಾಗುವುದಿಲ್ಲ, ಮಳೆ ಹಿಡಿದರೆ ರಾತ್ರೋರಾತ್ರಿ ನೀರು ನುಗ್ಗುತ್ತದೆ ಎಂದು ಹೆದರಿಸಿ ಎಲ್ಲರನ್ನೂ ಹತ್ತಿಸಿಕೊಂಡು ಹೋದರು. ನಮ್ಮವರು, ಅಂದರೆ ನನ್ನ ಗಂಡ, ಆಗ ಅತ್ತೆಯ ಸೊಂಟದ ಮೇಲಿನ ಕೂಸು. ಲಾರಿಯ ಹಿಂಬದಿಯಲ್ಲಿ ನಿಂತು ಅತ್ತೆ ನೋಡಿದಾಗ, ಬಾಗಿಲಿಲ್ಲದ ತಮ್ಮ ಮನೆಯೂ, ಕಣದ ನಡುವೆ ಮಿರಿಮಿರಿ ಮಿಂಚುವ ಹೊಸ ಹಡಗೂ ಒಂದೇ ನೋಟಕ್ಕೆ ಕಂಡವಂತೆ. ಊರನ್ನು ಹೊತ್ತು ದಡ ಸೇರಿಸಲೆಂದು ಹುಟ್ಟಿದ ಹಡಗು ಊರಿಲ್ಲದ ಊರಿನಲ್ಲಿ ಒಣನೆಲದ ಮೇಲೆ ಕೂತಿತು. ಆ ಮಳೆಗಾಲ ನೀರು ಕೆಳಗಿನ ಹೊಲದವರೆಗೆ ಬಂದು ನಿಂತುಬಿಟ್ಟಿತು.

ಮಾರನೆಯ ಮಳೆಗಾಲದ ಒಂದು ಬೆಳಗ್ಗೆ ಅತ್ತೆ ಕೊಡ ಹಿಡಿದು ದಡಕ್ಕೆ ಹೋದಾಗ, ಕಾಲೋನಿಯ ಕೆಳಗಿನ ಒಣಮರಗಳ ನಡುವೆ ಏನೋ ಸಿಕ್ಕಿಕೊಂಡು ಅಲ್ಲಾಡುತ್ತಿತ್ತು. ನೀರು ಕೊನೆಗೂ ಕಣಕ್ಕೆ ಬಂದು ಹಡಗನ್ನೆತ್ತಿತ್ತು, ಗಾಳಿ ಅದನ್ನು ಈಚೆಗೆ ತಳ್ಳಿತ್ತು. ಅರ್ಧ ನೀರು ತುಂಬಿಕೊಂಡು, ಒಂದು ಮಗ್ಗುಲಿಗೆ ವಾಲಿಕೊಂಡು, ಯಾರನ್ನೂ ಹೊತ್ತುಕೊಳ್ಳದೆ ತಾನೊಂದೇ ಬಂದಿತ್ತು. "ನಮ್ಮುನ್ನ ಉಡಿಕ್ಕಂಡು ಬಂತು ಕಣವ್ವ" ಎನ್ನುತ್ತಿದ್ದರು ಅತ್ತೆ, ತಪ್ಪಿಸಿಕೊಂಡ ಹಸು ಕೊಟ್ಟಿಗೆಗೆ ಮರಳಿದ್ದನ್ನು ಹೇಳುವ ಧಾಟಿಯಲ್ಲಿ. ಅವರು ಕೊಡ ಬಿಟ್ಟು ಸೊಂಟಮಟ್ಟದ ನೀರಿಗಿಳಿದು, ಸೆರಗಿನಿಂದ ಹೊಸಿಲ ಮೇಲಿನ ಕೆಸರು ಒರೆಸಿ, ತಮ್ಮ ಹಣೆಯ ಕುಂಕುಮವನ್ನೇ ತೆಗೆದು ಅದಕ್ಕಿಟ್ಟರಂತೆ. ಈ ಕಂತು ಹೇಳುವಾಗ ಅವರು ಒಲೆಯ ಬೆಂಕಿ ಸರಿಮಾಡುವ ನೆಪದಲ್ಲಿ ಮುಖ ಆಕಡೆ ತಿರುಗಿಸಿಕೊಳ್ಳುತ್ತಿದ್ದರು.

ಕಾಲೋನಿಯ ಮನೆಗಳು ಸಾಲಾಗಿ, ಒಂದೇ ಅಚ್ಚಿನಲ್ಲಿ, ಸಿಮೆಂಟಿನ ಚೌಕಟ್ಟಿನೊಂದಿಗೆ ನಿಂತಿದ್ದವು, ಒಂದಕ್ಕೂ ಹೊಸಿಲಿರಲಿಲ್ಲ. ಹೊಸಿಲಿಲ್ಲದ ಬಾಗಿಲಿಗೆ ಅರಿಸಿನ ಎಲ್ಲಿ ಹಚ್ಚುವುದು, ಸೇರು ಎಲ್ಲಿಡುವುದು, ಸಂಜೆಯ ದೀಪಕ್ಕೆ ಎಲ್ಲಿ ಕೈಮುಗಿಯುವುದು? ಹಡಗು ಬಂದ ಮೇಲೆ ಆ ಪ್ರಶ್ನೆ ತಾನಾಗಿ ಬಗೆಹರಿಯಿತು. ಇಡೀ ಊರಿಗೆ ಒಂದು ಹೊಸಿಲು. ಆ ಊರಿಗೆ ಬಂದ ಸೊಸೆಯರೆಲ್ಲ ಮೊದಲು ಹಡಗಿನೊಳಗೆ ಕಾಲಿಟ್ಟು, ಅಲ್ಲಿ ದೀಪ ನೋಡಿ, ಆಮೇಲೆ ಮನೆಗೆ ನಡೆದರು. ಬಾಣಂತಿಯರು ಕೂಸನ್ನು ಮೊದಲ ಸಲ ಎತ್ತಿಕೊಂಡು ಬಂದು ಅಲ್ಲಿ ಮುಟ್ಟಿಸಿದರು. ಆಚೆ ದಡದಲ್ಲಿ ಮುಳುಗದೆ ಉಳಿದ ಹೊಲಗಳಿಗೆ ದಿನವೂ ಹಡಗಿನಲ್ಲೇ ಹೋಗಿ ಬರುವುದು. ಹತ್ತುವವರು ಎಷ್ಟೇ ಅವಸರದಲ್ಲಿದ್ದರೂ ಹೊಸಿಲು ತುಳಿಯುವಂತಿಲ್ಲ, ಅದರ ಮೇಲೆ ಕೂರುವಂತಿಲ್ಲ, ಬಲಗಾಲೆತ್ತಿ ದಾಟಬೇಕು. ಕೊನೆಯ ಗಳಿಗೆಯಲ್ಲಿ ಯಾರು ಓಡಿಬಂದರೂ ಜಾಗವಿಲ್ಲ ಎಂದದ್ದನ್ನು ನಾನು ಕೇಳಲಿಲ್ಲ. ಆ ಹಳೆಯ ಮಾತೊಂದೇ ಕೇಳಿಸುತ್ತಿತ್ತು, ಸಾಲು ಇನ್ನಷ್ಟು ಒತ್ತಾಗುತ್ತಿತ್ತು.

ಮದುವೆಯಾಗಿ ಕೆಲವು ವರ್ಷ ಕಾಲೋನಿಯಲ್ಲಿದ್ದು, ಆಮೇಲೆ ಹುಣಸೂರಿನ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು ನಾನು. ಬಿಡುವಿನಲ್ಲಿ ಸಿಕ್ಕಿದ್ದನ್ನು ಓದುವ ಚಟ. ಸಮುದ್ರದಾಚೆಯ ನೆಲಗಳಲ್ಲಿ ನೆಲೆಯೂರಲು ಜನರನ್ನು ತುಂಬಿಕೊಂಡು ಹೊರಟ ಹಡಗುಗಳ ಕಥೆಗಳನ್ನೂ ಓದಿದ್ದೇನೆ. ಅವುಗಳಿಗೆ ದೊಡ್ಡ ದೊಡ್ಡ ಹೆಸರು, ಹೊರಡುವ ದಿನ ವಾದ್ಯ, ಮುದಿಯಾದ ಮೇಲೆ ಬಂದರಿನಲ್ಲಿ ತುಕ್ಕು. ಅವುಗಳಿಂದ ಇಳಿದವರು ದಡದಲ್ಲಿ ಮೊದಲೇ ಇದ್ದವರಿಗೆ ಸ್ವಲ್ಪ ಸರಿಯಿರಿ ಎನ್ನಲಿಲ್ಲ, ಏಳಿ ಎಂದರು. ಅದನ್ನು ಓದುವಾಗಲೆಲ್ಲ ನನಗೆ ನಮ್ಮ ಹಡಗಿನ ಬಗ್ಗೆ ಒಂದು ಬಗೆಯ ಅಭಿಮಾನ ಉಕ್ಕುತ್ತದೆ. ಅದು ಯಾರ ನೆಲವನ್ನೂ ಕೇಳಿಕೊಂಡು ಹೋಗಲಿಲ್ಲ.

ಹಾಗೆಂದು ನಮ್ಮ ಕಾಲೋನಿಯೇನು ಖಾಲಿ ಜಾಗದಲ್ಲಿ ಎದ್ದದ್ದಲ್ಲ. ಅದು ಪಕ್ಕದ ಹಳ್ಳಿಯವರ ಗೋಮಾಳ. ಲಾರಿಗಳು ಬಂದು ಇಳಿಸಿದ ದಿನ ಆ ಹಳ್ಳಿಯವರು ಜಗಳಕ್ಕೆ ಬರುತ್ತಾರೆಂದು ಅತ್ತೆ ಹೆದರಿ ಕೂತಿದ್ದರಂತೆ. ಬಂದರು, ನಿಜ, ಕುಕ್ಕೆಯಲ್ಲಿ ಮುದ್ದೆ, ಕೊಡದಲ್ಲಿ ಹುರುಳಿ ಸಾರು ಹೊತ್ತು ಬಂದರು. ಅವರ ಹಿರಿಯರೊಬ್ಬರು, "ಉಣ್ಣಿ ಮೊದ್ಲು. ದನ ಎಲ್ಲಾರ ವಸಿ ಆಕಡೆ ಮೇಯ್ಕತವೆ ಬುಡಿ" ಎಂದರಂತೆ. ಹುಣಸೂರಿನಿಂದ ಗುರುಪುರದ ಟಿಬೆಟನ್ ನಿರಾಶ್ರಿತರ ಶಿಬಿರದ ಕಡೆ ಹೋಗುವ ಬಸ್ಸಿನಲ್ಲಿ ಟಿಬೆಟಿನ ಅಜ್ಜಿಯರ ಪಕ್ಕ ಎಷ್ಟೋ ಸಲ ಕೂತಿದ್ದೇನೆ. ಜಪಮಣಿ ಎಣಿಸುತ್ತಲೇ ಕಿಟಕಿಯತ್ತ ಸರಿದು ಜಾಗ ಕೊಡುತ್ತಾರೆ. ಹಿಮದ ಬೆಟ್ಟಗಳಾಚೆ ಬಿಟ್ಟುಬಂದ ಮನೆಯ ಬಗ್ಗೆ ನಾನು ಕೇಳುವುದಿಲ್ಲ, ನೀರಿನಡಿಯ ಮನೆಯ ಬಗ್ಗೆ ಅವರು ಕೇಳುವುದಿಲ್ಲ. ನಮ್ಮ ಈ ಸೀಮೆ ನಿಂತಿರುವುದೇ ಯಾರೋ ಯಾರಿಗೋ ಸರಿದು ಕೂತದ್ದರಿಂದ ಎನ್ನಿಸಿ, ಆ ಹಿರಿಯರಿಗೂ ಈ ಅಜ್ಜಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಇರಲಿ, ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ನಾವು ಅತ್ತೆಯೊಂದಿಗೆ ಹುಣಸೂರಿನಲ್ಲಿ ಬಹುಕಾಲ ಬಾಡಿಗೆ ಮನೆಯಲ್ಲಿದ್ದು, ಈಚೆಗೆ ಸ್ವಂತದ್ದೊಂದು ಕಟ್ಟಿಸಿದೆವು. ಮೇಸ್ತ್ರಿ, ಈಗ ಯಾರೂ ಹೊಸಿಲು ಇಡಿಸೋದಿಲ್ಲ ಮೇಡಂ, ಮನೇಲಿ ವಯಸ್ಸಾದವರಿದ್ದಾರೆ ಅಂತೀರಿ, ಎಡವಿಬಿಟ್ಟರೆ ಕಷ್ಟ ಎಂದು ನೆಲವನ್ನು ಸಪಾಟು ಮಾಡಿದ. ಅತ್ತೆಗೆ ಅನುಕೂಲವಾಗಲೆಂದು ನಾನೇ ಒಪ್ಪಿದ್ದೆ. ಕಲ್ಲು ಹಾಸಿದ ಮೇಲೆ ಅತ್ತೆಯನ್ನು ಕರೆತಂದು ತೋರಿಸಿದರೆ, ಅವರು ಜಗಲಿಯಲ್ಲೇ ನಿಂತು ಬಾಗಿಲ ಬುಡವನ್ನು ದಿಟ್ಟಿಸಿ, "ಒಸ್ಲೆಲ್ಲವ್ವ?" ಎಂದರು. ವಿವರಿಸಿದೆ. ಕೇಳಿಸಿಕೊಂಡು, "ಒಸ್ಲಿಲ್ದ ಮನೇಲಿ ಒಂದ್ಸಲ ಇದ್ದು ಸಾಕಾಗೈತೆ ಬುಡು. ನೀವಿರಿ. ನಾನು ಚಿಕ್ಕೋನ್ ಮನ್ಗೋಯ್ತೀನಿ" ಎಂದರು. ಚಿಕ್ಕೋನು ಎಂದರೆ ಕಾಲೋನಿಯಲ್ಲಿರುವ ನನ್ನ ಮೈದುನ. ಸಿಟ್ಟಿನ ಮಾತಾಗಿದ್ದರೆ ಸಮಾಧಾನ ಮಾಡಬಹುದಿತ್ತು. ಅವರು ತಣ್ಣಗೆ ಹೇಳಿ ಒಳಗೆ ಕಾಲಿಡದೆಯೇ ಬಾಡಿಗೆ ಮನೆಗೆ ಹಿಂದಿರುಗಿದರು.

ನನಗೆ ಆ ಮನೆಯೇ ಬೇಡವಾಯಿತು. ಇಷ್ಟು ಕಾಲ ಒಂದೇ ಒಲೆಯ ಮುಂದೆ ಕೂತ ಮೇಲೆ ಅವರಿಲ್ಲದ ಅಡಿಗೆಮನೆಯಲ್ಲಿ ಹಾಲುಕ್ಕಿಸುವುದು ಹೇಗೆ? ಕಲ್ಲು ಒಡೆಸಿ ಹೊಸ ಮರದ ಹೊಸಿಲು ಇಡಿಸುತ್ತೇನೆಂದೆ. ಹೊಸದು ಬೇಡವೆಂದರು. ಅಷ್ಟರಲ್ಲಿ ಮೈದುನ ಫೋನ್ ಮಾಡಿದ. ಫೈಬರಿನ ಎಂಜಿನ್ ದೋಣಿ ಬಂದಾಗಿನಿಂದ ಹಡಗು ದಡದಲ್ಲೇ ಬಿದ್ದಿತ್ತು. ತಳ ಬಿರುಕು ಬಿಟ್ಟಿದೆ, ಬೆಟ್ಟದಪುರದ ಕಡೆಯ ಸ್ವಾಮಿಗೌಡರೆಂಬುವರು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆಯೆಂದು ಕೊಂಡಿದ್ದಾರೆ, ಭಾನುವಾರ ಒಡೆದು ಒಯ್ಯುತ್ತಾರೆ ಎಂದ. ಅತ್ತೆಗೆ ನಮ್ಮವರು ಹೇಳಿದರು. ಅತ್ತೆ ನನ್ನತ್ತ ತಿರುಗಿ, "ಅಂಗಾರೆ ನಮ್ಮೊಸ್ಲು ತಂದು ನಿನ್ ಬಾಗ್ಲಿಗೆ ಆಕುಸು. ಬತ್ತೀನಿ" ಎಂದರು. ಆ ವಾರವೆಲ್ಲ ನನ್ನ ಕೈಕಾಲಿಗೆ ಹೊಸ ಹುರುಪು. ಮೇಸ್ತ್ರಿಯನ್ನು ಕರೆಸಿ ಕಲ್ಲು ಒಡೆಯಲು ಗುರುತು ಹಾಕಿಸಿದೆ.

ಭಾನುವಾರ ನಾವು ಹೋಗುವ ಹೊತ್ತಿಗೆ ಟ್ರಾಕ್ಟರು ದಡದಲ್ಲಿ ನಿಂತಿತ್ತು. ಸ್ವಾಮಿಗೌಡರು ಹಲಗೆಗಳನ್ನು ಆಗಲೇ ಅರ್ಧ ಬಿಡಿಸಿದ್ದರು, ಆದರೆ ಹೊಸಿಲನ್ನು ಮುಟ್ಟಿರಲಿಲ್ಲ. ಅತ್ತೆಯನ್ನು ಕಂಡು ಟವಲು ಹೆಗಲಿಂದ ತೆಗೆದು, "ಇದರ ಮೇಲೆ ಅರಿಸಿನ ಐತೆ ಕಣವ್ವ. ಇದ್ನ ನಾನು ಒಲೆಗಿಕ್ಕಾಕಿಲ್ಲ. ಮಿಕ್ಕುದ್ನ ಒಯ್ತೀನಿ, ಇದ್ನ ನೀವೇ ಮಡಿಕಳಿ" ಎಂದರು. ಕೊಂಡ ಮಾಲನ್ನು ಬಿಟ್ಟುಕೊಡುವ ಆ ಮನುಷ್ಯನ ಸರಳತೆಗೆ ಮನಸೋತು ನಾನು ಫ್ಲಾಸ್ಕಿನಲ್ಲಿದ್ದ ಕಾಫಿ ಬಗ್ಗಿಸಿ ಕೊಟ್ಟೆ. ನಮ್ಮವರೂ ಮೈದುನನೂ ಹಾರೆ ಹಾಕಿ ಮೀಟಿದರು. ಹೊಸಿಲು ಎದ್ದು ಬಂದು ಮಗುಚಿಕೊಂಡಿತು.

ಅಡಿಭಾಗ ಪೂರಾ ಲಡ್ಡಾಗಿತ್ತು. ಬೆರಳಿಟ್ಟರೆ ನೆಂದ ರೊಟ್ಟಿಯಂತೆ ಕುಸಿಯುತ್ತಿತ್ತು. ಇಷ್ಟು ಕಾಲ ನಾವು ಬಳಿದ ಅರಿಸಿನವೇ ಮೇಲಿನ ಒಂದು ಪದರವನ್ನು ಹಿಡಿದಿಟ್ಟಿತ್ತೋ ಏನೋ, ಕೆಳಗೆ ಮರವೆಂಬುದು ಉಳಿದಿರಲಿಲ್ಲ. ಯಾವ ಬಾಗಿಲಿಗೂ ಅದನ್ನು ಕೂರಿಸುವಂತಿರಲಿಲ್ಲ. ನನಗೆ ಅಲ್ಲೇ ಅಳು ಬಂತು. ಹೊಸಿಲು ಹೋಯಿತೆಂದಲ್ಲ, ಅದರೊಂದಿಗೆ ಅತ್ತೆ ಬರುವುದೂ ತಪ್ಪಿತಲ್ಲ ಎಂದು. ನಮ್ಮವರು, ಮೇಲಿನ ಪದರವನ್ನಷ್ಟೇ ಕುಯ್ಸಿ ಹೊಸ ಮರದ ಮೇಲೆ ಅಂಟಿಸಬಹುದವ್ವ ಎಂದರು. ಅತ್ತೆ ತಲೆಯಲ್ಲಾಡಿಸಿ, "ಬ್ಯಾಡ ಕಣಪ್ಪ. ಅವತ್ತು ಆಚಾರಿ ಇಕ್ನಿಲ್ಲ, ಇವತ್ತು ನಾವ್ಯಾಕೆ ಗರಗಸ ಇಕ್ಕಾದು" ಎಂದರು. ಆಮೇಲೆ ಫೈಬರ್ ದೋಣಿಯನ್ನು ದಡಕ್ಕೆ ತರಲು ಹೇಳಿದರು.

ನೀರಿನ ನಡುವೆ ಒಂದು ಒಣಮರ. ಅದು ತಮ್ಮ ಮನೆಯ ಹಿತ್ತಿಲ ಹಲಸು ಎಂದು ಅತ್ತೆ ಗುರುತು ಹಿಡಿದು ಅಲ್ಲಿ ಎಂಜಿನ್ ನಿಲ್ಲಿಸಲು ಹೇಳಿದರು. ಹೊಸಿಲಿಗೆ ಅರಿಸಿನ ಹಚ್ಚಿ, ಕುಂಕುಮವಿಟ್ಟು, ಎಲೆ ಅಡಿಕೆ ಇಟ್ಟರು. ಅಣ್ಣ ತಮ್ಮ ಇಬ್ಬರೂ ಅದನ್ನು ಮೆಲ್ಲಗೆ ನೀರಿಗೆ ಇಳಿಸಿದರು. ಅದು ಒಂದಷ್ಟು ಹೊತ್ತು ತೇಲಿತು, ಎಲೆ ಅಡಿಕೆ ಮೇಲೆದ್ದು ಬೇರೆಯಾದವು, ಆಮೇಲೆ ಒಂದು ತುದಿ ಬಾಗಿ ಕೆಳಗಿಳಿಯತೊಡಗಿತು. "ಓಗು" ಎಂದರು ಅತ್ತೆ, ಮಗುವನ್ನು ಮಲಗಲು ಕಳಿಸುವ ದನಿಯಲ್ಲಿ. "ಮನ್ಗೋಗಿ ಸೇರ್ಕ. ಬಾಗ್ಲು ತೆಗ್ದೇ ಐತೆ." ಅರಿಸಿನದ ಬಣ್ಣ ನೀರಿನೊಳಗೆ ಸ್ವಲ್ಪ ದೂರ ಕಂಡು ಮರೆಯಾಯಿತು. ದಡಕ್ಕೆ ಬಂದ ಮೇಲೆ ಅವರು ಮೈದುನನ ಮನೆಯತ್ತ ನಡೆದರು, ನಮ್ಮ ಮನೆಗೆ ಬರುತ್ತೀರಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಗೃಹಪ್ರವೇಶದ ದಿನ ಮೈದುನನ ಕಾರು ಬಂತು. ಅತ್ತೆ ಹಸಿರು ರೇಷ್ಮೆ ಸೀರೆಯುಟ್ಟು ಇಳಿದರು. ಬಂದದ್ದೇನೋ ಬಂದರು, ಜಗಲಿಗೆ ಬಂದು ನಿಂತುಬಿಟ್ಟರು. ಬಾಗಿಲ ಬುಡದಲ್ಲಿ ಮೇಸ್ತ್ರಿ ಹಾಕಿದ್ದ ಸೀಮೆಸುಣ್ಣದ ಗುರುತು ಅಳಿಸಿಹೋಗಿತ್ತು, ಕಲ್ಲು ಕನ್ನಡಿಯಂತೆ ಹೊಳೆಯುತ್ತಿತ್ತು. ಒಳಗೆ ಆರತಿ ತಟ್ಟೆ ಹಿಡಿದು ನಿಂತಿದ್ದ ನನಗೆ ಅವರ ಕಾಲೇ ಕಾಣುತ್ತಿತ್ತು. ಅದು ನೆಲಕ್ಕೆ ಅಂಟಿಕೊಂಡಿತ್ತು, ಒಂದಾನೊಂದು ಕಾಲದಲ್ಲಿ ನನ್ನದು ಅಂಟಿಕೊಂಡ ಹಾಗೆಯೇ. ಯಾವತ್ತೂ ಅವರನ್ನು ನೀವು ಎಂದೇ ಕರೆದ ನನ್ನ ಬಾಯಿಂದ, ತಟ್ಟೆ ಪಕ್ಕದವರಿಗೆ ಕೊಟ್ಟು ಕೈ ಚಾಚುವಾಗ, ಆ ಮಾತು ತಾನಾಗಿ ಬಂದುಬಿಟ್ಟಿತು: "ಬಲಗಾಲಿಟ್ಟು ಬಾರವ್ವ, ಅದೇನು ಕಚ್ಚಾಕಿಲ್ಲ."

ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. ಮುಖ ಮೊದಲು ಬಿಗಿಯಿತು, ಆಮೇಲೆ ಸಡಿಲವಾಗಿ ನಗುವಾಯಿತು. ಸೀರೆಯ ನೆರಿಗೆ ಹಿಡಿದು, ಬಲಗಾಲನ್ನು ಗೇಣೆತ್ತರಕ್ಕೆ ಎತ್ತಿ, ಅಲ್ಲಿಲ್ಲದ್ದನ್ನು ತುಳಿಯದೆ ದಾಟಿ, ಅಲುಗಾಡುವ ನೆಲಕ್ಕೆ ಕಾಲಿಡುವವರ ಜಾಗರೂಕತೆಯಿಂದ ಮೆಲ್ಲಗೆ ಊರಿ, ನನ್ನ ಕೈ ಹಿಡಿದುಕೊಂಡರು. ಅವರ ಹಿಂದೆ ನಮ್ಮವರು ಬಂದರು, ಅವರೂ ಕಾಲೆತ್ತಿದರು. ಮೈದುನ ಎತ್ತಿದ, ಅವನ ಹೆಂಡತಿ ಎತ್ತಿದಳು, ಏನೆಂದು ತಿಳಿಯದ ನನ್ನ ತವರಿನವರೂ ಇದೇನೋ ಈ ಮನೆಯ ಪದ್ಧತಿಯೆಂದು ಎತ್ತಿ ದಾಟಿದರು. ಹಾಲು ಉಕ್ಕಿತು. ಅತ್ತೆ ತಮ್ಮ ಕೈಯಾರೆ ಇಳಿಸಿದರು.

ಊರನ್ನು ಹೊರಲೆಂದು ಹುಟ್ಟಿದ ಆ ಹಡಗು ಊರನ್ನು ಹೊತ್ತು ತರಲಿಲ್ಲ, ಹೊಸಿಲಾಗಬೇಕಾದದ್ದು ನನ್ನ ಮನೆಗೆ ಹೊಸಿಲಾಗಲಿಲ್ಲ. ಬಯಸಿದ ಕೆಲಸ ಒಂದನ್ನೂ ಮಾಡದೆ ನಮಗೆ ಬೇಕಾದದ್ದನ್ನೆಲ್ಲ ಮಾಡಿಕೊಟ್ಟು ಹೋಯಿತು. ಮರ ಕೊಟ್ಟ ಮನೆಗಳವರಿಗೆ, ಗರಗಸ ಕೆಳಗಿಟ್ಟ ಆಚಾರಿಗೆ, ಗೋಮಾಳ ಬಿಟ್ಟುಕೊಟ್ಟವರಿಗೆ, ಅರಿಸಿನ ಕಂಡು ಕೈ ತಡೆದ ಸ್ವಾಮಿಗೌಡರಿಗೆ ಇರುವ ಋಣವನ್ನು ನಾನು ಯಾವತ್ತು ತೀರಿಸಲಿ? ತೀರಿಸುವ ದಾರಿ ತೋಚದೆ ದಿನಕ್ಕೆ ಹತ್ತು ಸಲ ಕಾಲೆತ್ತುತ್ತೇನೆ.

ನಿನ್ನೆ ಮತ್ತೆ ಸಿಲಿಂಡರ್ ಬಂತು. ಅತ್ತೆಯೂ ನಾನೂ ಹಜಾರದಲ್ಲಿ, ಬಾಗಿಲಿಗೆ ಹತ್ತಿರವಾಗಿ, ಅವರೆಕಾಯಿ ರಾಶಿ ಹಾಕಿಕೊಂಡು ಸುಲಿಯುತ್ತ ಕೂತಿದ್ದೆವು. ಹುಡುಗ ತುಂಬಿದ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿ ಬಂದವನು, ಬಾಗಿಲ ಬಳಿ, ಅಷ್ಟು ಭಾರದ ಅಡಿಯಲ್ಲೂ, ತನಗೇ ಅರಿವಿಲ್ಲದೆ ಬಲಗಾಲನ್ನು ಮೇಲಕ್ಕೆತ್ತಿ ಒಳಗಿಟ್ಟ. ನಾನು ಅತ್ತೆಯ ಮುಖ ನೋಡಿದೆ. ಅವರು ಕಾಯಿ ಸುಲಿಯುವುದನ್ನು ನಿಲ್ಲಿಸದೆ, ಮೊರವನ್ನು ತಮ್ಮತ್ತ ಎಳೆದುಕೊಂಡು, ಮೊಣಕೈಯಿಂದ ನನ್ನನ್ನು ತಿವಿದರು.

"ಇನ್ನೊಬ್ರು ಬಂದ್ರು" ಎಂದರು. "ವಸಿ ಸರ್ಕವ್ವ."